ಐದಕ್ಕೈದು ಮೇಡಂ
ಪಾಠ ಹೇಗಿತ್ತೆಂದು ವಿದ್ಯಾರ್ಥಿಗಳೇ ಅಂಕ ಕೊಡುವ ಸಮೀಕ್ಷೆಯಲ್ಲಿ ಪ್ರತಿ ವರ್ಷ ಐದಕ್ಕೆ ಐದು ಪಡೆಯುವವರು ನಮ್ಮ ಕಾಲೇಜಿನ ಗಣಿತದ ಮೇಡಂ ಒಬ್ಬರೇ. ತಡವಾಗಿ ಬಂದವನಿಗೂ ‘ಸುಸ್ತಾಯ್ತೇನೋ, ಕೂತ್ಕೋ ಕಂದಾ’ ಎನ್ನುತ್ತಾರೆ. ಸಮೀಕ್ಷೆಯ ವಾರವಂತೂ ಹಾಜರಿ ಕರೆದರೂ ಜೋಗುಳ ಹಾಡಿದಂತಿರುತ್ತದೆ. ಕಷ್ಟದ ಲೆಕ್ಕ ಬಂದರೆ ‘ಇದು ಪರೀಕ್ಷೆಗೆ ಬರಲ್ಲ, ಬಿಟ್ಬಿಡಿ’ ಎಂದು ಪುಟ ಮಗುಚುತ್ತಾರೆ. ಮೇಡಂ ಕೆಲಸಕ್ಕೆ ಸೇರಿದ ಮೊದಲ ವರ್ಷ ಮಾತ್ರ ಹುಡುಗರು ಸಮೀಕ್ಷೆಯಲ್ಲಿ ‘ತುಂಬಾ ಸ್ಟ್ರಿಕ್ಟು’ ಎಂದು ಬರೆದದ್ದಕ್ಕೆ ಅವರ ಕೆಲಸವೇ ಹೋಗುವುದರಲ್ಲಿತ್ತು. ನಿನ್ನೆ ಕಾಲೇಜು ಬಿಟ್ಟ ಮೇಲೆ ಅವರ ತರಗತಿಯಿಂದ ಗುಡುಗಿನಂಥ ದನಿ ಕೇಳಿ ಬೆಚ್ಚಿಬಿದ್ದೆ. ಇಣುಕಿ ನೋಡಿದೆ. ‘ಅರ್ಥ ಆಗ್ಲಿಲ್ವಾ? ಮತ್ತೆ ಮೊದಲಿಂದ ನೋಡಿ, ಇವತ್ತು ನಿಮ್ಮನ್ನ ಬಿಡಲ್ಲ!’ ಎನ್ನುತ್ತ, ಬೋರ್ಡಿನ ತುಂಬ ಬರೆದುಕೊಂಡು, ಮೇಡಂ ಖಾಲಿ ಬೆಂಚುಗಳಿಗೆ ಪಾಠ ಹೇಳುತ್ತಿದ್ದರು.