ಕುಂದ್ರು ಅಂದವರು

ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯ ಚಾಚಾ ತಮ್ಮ ಲಾರಿಯನ್ನು ತಾವೇ ಓಡಿಸುತ್ತಿದ್ದರು. ಟೋಪಿಯನ್ನು ಹಿಂದಕ್ಕೆ ಸರಿಸಿ, "ನಡದದ್ದು ನಡದಂಗ ಹೇಳಬೇಕ್ರಿ" ಎನ್ನುವುದು ಅವರ ರೂಢಿ.

ಎಪ್ಪತ್ತರ ದಶಕದ ಕೊನೆಯಲ್ಲೊಮ್ಮೆ ಹಲವಾಗಲಿನಿಂದ ಶೇಂಗಾ ತರುವಾಗ, ದಾರಿಯಲ್ಲಿ ಕೈ ಮಾಡಿದ ಕೂಲಿ ಹೆಂಗಸೊಬ್ಬಳನ್ನು ಮೂಟೆಗಳ ಮೇಲೆ ಕೂರಿಸಿಕೊಂಡರು. ಹರಪನಹಳ್ಳಿ ದಾಟಿದ ಮೇಲೆ ಲಾರಿ ಮಗುಚಿ ಅವಳ ಕಾಲು ಮುರಿಯಿತು.

ವಿಮಾ ಏಜೆಂಟ್ ಮನೆಗೇ ಬಂದ. "ಸರಕಿನ ಗಾಡಿಯಾಗ ಮಂದಿ ಕುಂದ್ರಿಸಿದ್ರ ಕಂಪನಿ ಪರಿಹಾರ ಕೊಡಂಗಿಲ್ರಿ. ಮ್ಯಾಲ ಯಾರೂ ಇದ್ದಿಲ್ಲ ಅಂದುಬಿಡ್ರಿ."

"ಹಂಗಾದ್ರ ಆಕಿ ಕಾಲು ಎಲ್ಲಿ ಮುರೀತು?"

"ಹೊಲದಾಗ ಬಿದ್ದೆ ಅಂತ ಆಕಿ ಹೇಳ್ತಾಳ. ನಾ ಒಪ್ಪಸ್ತೀನಿ."

ಚಾಚಾ ಟೋಪಿ ಸರಿಸಿದರು. "ಮ್ಯಾಲ ಕುಂದ್ರು ಅಂದವ ನಾನು. ಆಕಿ ಇದ್ದಿಲ್ಲ ಅಂತ ಹೆಂಗ ಅನ್ನಲಿ?"

ವಿಚಾರಣೆಗೆ ಬಂದ ಅಧಿಕಾರಿಯ ಮುಂದೆಯೂ ಅದನ್ನೇ ಹೇಳಿದರು. ಕಂಪನಿ ಪರಿಹಾರ ನಿರಾಕರಿಸಿತು. ಚಾಚಾ ಜಜ್ಜಿಹೋದ ಲಾರಿಯನ್ನು ಗುಜರಿಗೆ ಮಾರಿ ಅವಳಿಗೆ ಚಿಕಿತ್ಸೆ ಮಾಡಿಸಿದರು. ತಾವು ಬೇರೆಯವರ ಲಾರಿಗೆ ಡ್ರೈವರಾದರು.

ಮುಂದಿನ ಬೇಸಿಗೆಯಲ್ಲಿ ಆ ಹೆಂಗಸು ಕೋಲೂರಿಕೊಂಡು ನಮ್ಮ ಓಣಿಗೆ ಬಂದಳು. ಚಾಚಾರನ್ನು ಕಂಡದ್ದೇ ಅತ್ತಳು. "ಅಣ್ಣಾರ, ನನ್ನ ಸಲುವಾಗಿ ನಿಮ್ಮ ಲಾರಿ ಹೋತಲ್ರೀ."

"ಲಾರಿ ಹೋತು ಖರೆ," ಎಂದರು ಚಾಚಾ, ಬಾಗಿಲು ಅಗಲ ತೆರೆದು. "ನೀ ನಡಕೊಂತ ಬಂದಿಯಲ್ಲವ್ವಾ, ಒಳಗ ಬಾ."