ಒಂದು ದಿನ ತಡವಾಗಿ ಬಿದ್ದ ಬೆಂಕಿ

ಪತ್ರಿಕೆಯ ಕಚೇರಿಯಲ್ಲಿ ಅವಳಿಗೆ ತಾರೀಖಮ್ಮ ಎಂದು ಹೆಸರು. ಎದುರಿಗೆ ಮಾತ್ರ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅವಳ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಕರೆದವರ ಗ್ರಹಚಾರ ಬಿಡಿಸಲು ಅವಳಿಗೆ ಅರೆಗಳಿಗೆ ಸಾಕಾಗಿತ್ತು. ಮೂರನೆಯ ಪುಟದ ಮೂಲೆಯಲ್ಲಿ ಬರುವ ‘ಈ ದಿನ’ ಎಂಬ ಅಂಕಣ ಅವಳದು. ಇದೇ ತಾರೀಖಿನಂದು ಹಿಂದೆ ಯಾರು ಹುಟ್ಟಿದರು, ಯಾರು ಸತ್ತರು, ಲೋಕದಲ್ಲಿ ಏನೇನು ನಡೆಯಿತು ಎಂಬುದನ್ನು ಅಂಗೈಯಗಲದ ಜಾಗದಲ್ಲಿ ತುಂಬಬೇಕು. ದಿನವೂ ಒಬ್ಬ ರಾಜ ಹುಟ್ಟಬೇಕು, ಒಬ್ಬ ವಿಜ್ಞಾನಿ ಸಾಯಬೇಕು, ಎಲ್ಲೋ ಒಂದು ಸೇತುವೆ ಉದ್ಘಾಟನೆಯಾಗಬೇಕು. ಓದುಗರು ಪದಬಂಧಕ್ಕೆ ಹೋಗುವ ದಾರಿಯಲ್ಲಿ ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಿದ್ದರು.

ಆ ಅಂಕಣ ತಯಾರಾಗುವ ರೀತಿಯೇ ಒಂದು ತಮಾಷೆ. ಹೋದ ವರ್ಷದ ಅದೇ ದಿನದ ಅಂಕಣವನ್ನು ತೆಗೆದು, ಅಲ್ಲಿ ಇಲ್ಲಿ ಒಂದು ಪದ ತಿದ್ದಿ, ಹಾಗೇ ಅಚ್ಚಿಗೆ ಕಳಿಸುವುದು ವಾಡಿಕೆ. ಹೋದ ವರ್ಷ ಬಂದದ್ದು ಈ ವರ್ಷವೂ ಬರುತ್ತದೆ. ಹೋದ ವರ್ಷ ಬಾರದ್ದು ನಡೆದೇ ಇಲ್ಲ. ಒಮ್ಮೆ ಹೀಗೆಯೇ ಒಬ್ಬ ನಾಟಕದ ನಟ ಗುಂಡುಕಲ್ಲಿನ ಹಾಗೆ ಬದುಕಿರುವಾಗಲೇ ಅಂಕಣದಲ್ಲಿ ಸತ್ತುಹೋದ. ಅವನು ಫೋನಿನಲ್ಲಿ ಎಗರಾಡಿದಾಗ ಪುಟ ಕಟ್ಟುವಾತ, “ಹೋದ ವರ್ಷಾನೂ ನೀವು ಸತ್ತಿದ್ರಿ ಸಾರ್, ಆಗ ಸುಮ್ನಿದ್ರಲ್ಲ?” ಎಂದು ಬಹಳ ವಿನಯದಿಂದ ಕೇಳಿದ್ದ. ಕಚೇರಿಯವರು ಅದನ್ನು ನೆನೆಸಿಕೊಂಡು ಇಂದಿಗೂ ಹೊಟ್ಟೆ ಹಿಡಿದು ನಗುತ್ತಾರೆ.

ವರ್ಷದಲ್ಲಿ ಒಂದು ದಿನದ ಅಂಕಣ ಮಾತ್ರ ತಾರೀಖಮ್ಮನಿಗೆ ನಗು ತರಿಸುತ್ತಿರಲಿಲ್ಲ. ಆ ದಿನ ಹುಟ್ಟಿದವರಲ್ಲಿ ಮೊದಲನೆಯ ಸಾಲು ನೂಲಿನ ಕಾರ್ಖಾನೆಯ ಹಳೆಯ ಮಾಲೀಕರದು. ‘ಉದ್ಯಮಿ, ದಾನಿ, ಕಾರ್ಮಿಕರ ಪಾಲಿನ ತಂದೆ.’ ತಂದೆಯಂತೆ! ತಾರೀಖಮ್ಮನ ಅಕ್ಕ ಆ ತಂದೆಯ ಕಾರ್ಖಾನೆಯಲ್ಲೇ ನೂಲು ಸುತ್ತುತ್ತಿದ್ದಳು. ಮಾಲೀಕರ ಹುಟ್ಟುಹಬ್ಬದ ದಿನ ಮೇಸ್ತ್ರಿಗಳಿಗೆಲ್ಲ ಅವರ ಬಂಗಲೆಯಲ್ಲಿ ಔತಣ ಇರುತ್ತಿತ್ತು. ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ ಹೆಂಗಸರು ಕೆಲಸ ಬಿಟ್ಟು ಹೊರಗೆ ಸುಳಿದಾಡಿದರೆ ಏನು ಗತಿ? ಹಾಗಾಗಿ ಒಂದು ವರ್ಷ ಮೇಸ್ತ್ರಿ ಮಹಾನುಭಾವ ನೂಲು ಸುತ್ತುವ ಕೋಣೆಗೆ ಹೊರಗಿನಿಂದ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗಿಳಿಸಿ ಊಟಕ್ಕೆ ಹೋದ. ಮೋಟರಿನಿಂದ ಹಾರಿದ ಕಿಡಿ ಹತ್ತಿಯ ಧೂಳಿಗೆ ಹೊತ್ತಿಕೊಂಡಿತು. ಬೀಗದ ಕೈಗಾಗಿ ಬಂಗಲೆಗೆ ಓಡಿದವರನ್ನು ಕಾವಲಿನವನು ಒಳಗೆ ಬಿಡಲಿಲ್ಲ, ಯಾಕೆಂದರೆ ಒಳಗೆ ಮಾಲೀಕರ ಗುಣಗಾನದ ಭಾಷಣ ನಡೆಯುತ್ತಿತ್ತು. ಭಾಷಣ ಮುಗಿಯುವ ಹೊತ್ತಿಗೆ ಕೋಣೆಯೊಳಗಿನ ಕೂಗು ನಿಂತಿತ್ತು.

ಆಮೇಲೆ ವಿಚಾರಣೆ ಎಂಬ ನಾಟಕವೂ ಆಯಿತು. ಬೀಗ ಹಾಕಿಯೇ ಇರಲಿಲ್ಲ, ಗಾಬರಿಯಲ್ಲಿ ಹೆಂಗಸರು ಬಾಗಿಲನ್ನು ತಳ್ಳುವ ಬದಲು ಎಳೆದರು ಎಂದು ಕಾರ್ಖಾನೆಯವರು ನಾಚಿಕೆಯಿಲ್ಲದೆ ಹೇಳಿದರು. ದಿನವೂ ಅದೇ ಬಾಗಿಲಲ್ಲಿ ಹೋಗಿ ಬರುತ್ತಿದ್ದವರಿಗೆ ಬಾಗಿಲು ತೆಗೆಯಲು ಬರಲಿಲ್ಲವಂತೆ. ವಿಚಾರಣೆಗೆ ಬಂದ ಅಧಿಕಾರಿಗಳು ಅದನ್ನೇ ಒಪ್ಪಿ ಕೈ ತೊಳೆದುಕೊಂಡರು. ತಾರೀಖಮ್ಮ ಆಗ ಶಾಲೆಯ ಹುಡುಗಿ. ಬೆಂಕಿ ಬಿದ್ದಂದು ಅವಳ ಅಮ್ಮ ಬಾಗಿಲಿನ ಹೊರಗೆ ನಿಂತು ಬರಿಗೈಯಲ್ಲಿ ಕಾದ ಬೀಗ ಜಗ್ಗಿದ್ದಳು. ಅವಳ ಅಂಗೈಯ ಚರ್ಮ ಆ ಬೀಗಕ್ಕೇ ಅಂಟಿಕೊಂಡಿತ್ತು. ಇಲ್ಲದ ಬೀಗಕ್ಕೆ!

ಅಂಕಣದ ಕೆಲಸ ಸಿಕ್ಕಿದ ವರ್ಷದಿಂದಲೂ ತಾರೀಖಮ್ಮ ಆ ದಿನದ ಘಟನೆಗಳಲ್ಲಿ ಬೆಂಕಿಯ ಬಗ್ಗೆ ಒಂದು ಸಾಲು ಬರೆದು ಕಳಿಸುತ್ತಿದ್ದಳು. ಸಂಪಾದಕರು ಪ್ರತಿ ವರ್ಷವೂ ಅದನ್ನು ಹೊಡೆದುಹಾಕುತ್ತಿದ್ದರು. ಒಮ್ಮೆ ಜಾಗ ಇಲ್ಲ ಎಂದರು. ಇನ್ನೊಮ್ಮೆ ಹೋದ ವರ್ಷ ಇರಲಿಲ್ಲವಲ್ಲ ಎಂದರು. ನಿಜವಾದ ಕಾರಣ ಕಚೇರಿಯ ಕಸ ಗುಡಿಸುವವಳಿಗೂ ಗೊತ್ತಿತ್ತು. ಆ ದಿನ ಕಾರ್ಖಾನೆಯವರು ಹಳೆಯ ಮಾಲೀಕರ ಆಳೆತ್ತರದ ಫೋಟೋ ಹಾಕಿಸಿ ಇಡೀ ಪುಟದ ಜಾಹೀರಾತು ಕೊಡುತ್ತಿದ್ದರು.

ಈ ವರ್ಷ ಅಮ್ಮ ಹಾಸಿಗೆ ಹಿಡಿದು ಎದ್ದಿದ್ದಳು. ಎದ್ದವಳು ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದಳು: “ಊರವರ ಸಾವೆಲ್ಲ ಹಾಕ್ತೀಯ. ನಾನು ಕಣ್ಣು ಮುಚ್ಚೋದ್ರೊಳಗೆ ನಿಮ್ಮಕ್ಕಂದು ಒಂದು ಸಾಲು ಹಾಕೋಕಾಗಲ್ವೇನೆ?”

ಈ ಮಾತು ಎದೆಗೆ ನಾಟಿತು. ತಾರೀಖಮ್ಮ ನೇರವಾಗಿ ಸಂಪಾದಕರ ಕೋಣೆಗೆ ನುಗ್ಗಿದಳು. ಸಂಪಾದಕರು ಕೆಟ್ಟವರೇನಲ್ಲ. ಯಾರ ಮನಸ್ಸನ್ನೂ ನೋಯಿಸದೆ ಎಲ್ಲರಿಗೂ ಅನ್ಯಾಯ ಮಾಡುವ ಕಲೆ ಅವರಿಗೆ ಕರಗತವಾಗಿತ್ತು, ಅಷ್ಟೆ. ಕುರ್ಚಿ ತೋರಿಸಿ, ದನಿಗೆ ಬೆಣ್ಣೆ ಹಚ್ಚಿ, “ನಿಮ್ಮ ಸಂಕಟ ನನಗೆ ಗೊತ್ತಾಗಲ್ವಾ? ಹಾಕೋಣ. ಆದ್ರೆ ಅವತ್ತೇ ಬೇಡ, ಮಾರನೇ ದಿನ ಹಾಕಿ. ಒಂದು ದಿನ ಹಿಂದೆ ಮುಂದೆ ಆದ್ರೆ ಯಾರಿಗೆ ಗೊತ್ತಾಗುತ್ತೆ?” ಎಂದರು.

“ತಾರೀಖು ತಪ್ಪಾಗುತ್ತೆ.”

“ಸತ್ತಿದ್ದು ಸುಳ್ಳಲ್ವಲ್ಲ. ಅಮ್ಮನಿಗೆ ಕಾಣಬೇಕು ತಾನೆ? ನೋಡಿ, ಇದು ಬಿಟ್ರೆ ನನ್ನ ಕೈಲಿ ಬೇರೆ ಏನೂ ಆಗಲ್ಲ.”

ಒಬ್ಬ ಕವಿಯ ಜನನ ಒಂದು ದಿನ ಆಚೀಚೆಯಾದರೆ ಕಚೇರಿಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದವಳು ತಾರೀಖಮ್ಮ. ಅಂದು ಹಲ್ಲು ಕಚ್ಚಿ ಒಪ್ಪಿಕೊಂಡಳು. ಅಮ್ಮ ದಿನ ಎಣಿಸುತ್ತಿದ್ದಾಳೆ, ಸೊನ್ನೆಗಿಂತ ಇಷ್ಟಾದರೂ ವಾಸಿ ಎಂದುಕೊಂಡಳು. ಅಕ್ಕನ ಹೆಸರನ್ನು ತನ್ನ ಕೈಯಾರೆ ಬರೆದಳು. ಮಾರನೆಯ ದಿನದ ಅಂಕಣದಲ್ಲಿ, ಯಾವುದೋ ದೇಶದ ಯುದ್ಧಕ್ಕೂ ಯಾವುದೋ ರೈಲುಮಾರ್ಗಕ್ಕೂ ನಡುವೆ, ಬೆಂಕಿ ಅಚ್ಚಾಯಿತು.

ಬೆಳಿಗ್ಗೆ ಅಮ್ಮ ಕಿಟಕಿಯ ಬೆಳಕಿಗೆ ಪತ್ರಿಕೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮಗಳ ಹೆಸರಿನ ಮೇಲೆ ಸುಟ್ಟು ಸುಕ್ಕಾದ ಬೆರಳನ್ನು ಆಡಿಸಿದಳು. ಆಮೇಲೆ ತಲೆಯೆತ್ತಿ ಕೇಳಿದಳು:

“ಇದು ನಿನ್ನೆ ಪೇಪರಾ?”

“ಇವತ್ತಿಂದಮ್ಮ.”

“ನಿನ್ನೆ ತಾನೆ ಅವಳು ಹೋಗಿದ್ದು?”

ತಾರೀಖಮ್ಮ ಜಾಹೀರಾತಿನ ಕಥೆ, ಸಂಪಾದಕರ ಮಾತು, ಒಂದು ದಿನದ ರಾಜಿ, ಎಲ್ಲವನ್ನೂ ತಡವರಿಸಿ ಹೇಳಿದಳು. ಅಮ್ಮನ ಮುಖ ಕೆಂಪಾಗುತ್ತಾ ಹೋಯಿತು.

“ಮಾರನೇ ದಿನ ಅವಳನ್ನ ಮಣ್ಣು ಮಾಡಿದ್ವಿ ಕಣೆ. ಮಣ್ಣಲ್ಲಿ ಮಲಗಿದ್ದೋಳನ್ನ ಎಬ್ಬಿಸಿ, ಮತ್ತೆ ಆ ಕೋಣೇಲಿ ಕೂಡಿ ಹಾಕಿದ್ಯಲ್ಲ! ಆ ದಿನ ಔತಣ ಇತ್ತು, ಅದಕ್ಕೇ ಬೀಗ ಹಾಕಿದ್ರು ಅಂತ ಇಷ್ಟು ವರ್ಷ ಬಾಯಿ ಬಡ್ಕೊಂಡೆ. ಮಾರನೇ ದಿನ ಯಾವ ಔತಣ ಇತ್ತು? ಮೇಸ್ತ್ರಿ ಅಲ್ಲೇ ಇದ್ದ. ಬೀಗ ಹಾಕೇ ಇರ್ಲಿಲ್ಲ ಅಂತ ಕಾರ್ಖಾನೆಯೋರು ಹೇಳಿದ್ದೇ ಈಗ ನಿಜ ಆಯ್ತು. ಅವತ್ತು ಆ ಮೇಸ್ತ್ರಿ ಬೀಗ ಹಾಕಿದ್ದ. ಇವತ್ತು ನೀನು ಹಾಕಿದೀಯ.”

ತಾರೀಖಮ್ಮನಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಅಮ್ಮ ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಸಂಪಾದಕರು ಬದಲಾಯಿಸಿದ್ದು ಬರೀ ದಿನವನ್ನಲ್ಲ, ಬೀಗದ ಕೈಯನ್ನೇ ಮೇಸ್ತ್ರಿಯ ಜೇಬಿನಿಂದ ಮಾಯ ಮಾಡಿದ್ದರು. ಅಂಥ ಮನುಷ್ಯನಿಗೆ ತಾನು ಥ್ಯಾಂಕ್ಸ್ ಬೇರೆ ಹೇಳಿ ಎದ್ದುಬಂದಿದ್ದೆ ಎಂಬುದು ನೆನಪಾಗಿ ಅವಳ ಮೈಯೆಲ್ಲ ಉರಿಯಿತು. ಬರುವ ವರ್ಷ ಯಾರೋ ಇದನ್ನೇ ಎತ್ತಿ ಹಾಕುತ್ತಾರೆ, ಆಚೆ ವರ್ಷವೂ ಹಾಕುತ್ತಾರೆ. ಅಮ್ಮನೂ ತಾನೂ ಹೋದ ಮೇಲೆ ಇದು ಸುಳ್ಳು ಎನ್ನಲು ಯಾರೂ ಉಳಿದಿರುವುದಿಲ್ಲ.

ಅವಳು ತಿಂಡಿ ಮುಟ್ಟದೆ ಕಚೇರಿಗೆ ಹೋದಳು. ಎರಡನೆಯ ಪುಟದ ಅಡಿಯಲ್ಲಿ ತಿದ್ದುಪಡಿಗೆಂದು ಒಂದು ಪುಟ್ಟ ಚೌಕವಿತ್ತು. ಹೆಸರು ತಪ್ಪಾಯಿತು, ಫೋಟೋ ಅದಲುಬದಲಾಯಿತು ಎಂಬಂಥವು ಅಲ್ಲಿ ಬರುತ್ತಿದ್ದವು. ತಪ್ಪು ಮಾಡಿದವರೇ ಬರೆದು ಸೀದಾ ಪುಟ ಕಟ್ಟುವಾತನಿಗೆ ಕೊಡಬೇಕು. ತಪ್ಪಿನ ಮೇಲೆ ತಮ್ಮ ಹೆಸರು ಬೀಳಬಾರದೆಂದು ಸಂಪಾದಕರು ಅದರತ್ತ ತಲೆಯನ್ನೂ ಹಾಕುತ್ತಿರಲಿಲ್ಲ. ತಾರೀಖಮ್ಮ ಬರೆದದ್ದನ್ನು ಪುಟ ಕಟ್ಟುವಾತ ಓದಿ, ಅವಳ ಮುಖ ನೋಡಿದ.

“ಮೇಡಂ, ಇದು ಹೋದ್ರೆ ನಿಮ್ಮ ಕೆಲಸ ಹೋಗುತ್ತೆ.”

“ಹೋಗ್ಲಿ. ಅಕ್ಷರ ಸ್ವಲ್ಪ ದಪ್ಪ ಮಾಡು.”

ಮರುದಿನ ಆ ಚೌಕದಲ್ಲಿ ಹೀಗಿತ್ತು: ‘ನೂಲಿನ ಕಾರ್ಖಾನೆಯಲ್ಲಿ ಬೆಂಕಿ ಬಿದ್ದ ದಿನವನ್ನು ನಿನ್ನೆಯ ಅಂಕಣದಲ್ಲಿ ತಪ್ಪಾಗಿ ಕೊಡಲಾಗಿತ್ತು. ಬೆಂಕಿ ಬಿದ್ದದ್ದು ಅದರ ಹಿಂದಿನ ದಿನ, ಮಾಲೀಕರ ಹುಟ್ಟುಹಬ್ಬದಂದು. ಕೋಣೆಗೆ ಹೊರಗಿನಿಂದ ಬೀಗ ಹಾಕಿತ್ತು. ಬೀಗದ ಕೈ ಔತಣದಲ್ಲಿತ್ತು. ಜಾಹೀರಾತಿಗಾಗಿ ದಿನ ಬದಲಾಯಿಸಲು ಒಪ್ಪಿದವಳು ಸತ್ತವರಲ್ಲಿ ಒಬ್ಬಳ ತಂಗಿ. ತಪ್ಪು ಅವಳದು.’ ಕೆಳಗೆ ಅವಳ ಪೂರ್ತಿ ಹೆಸರಿತ್ತು.

ಸಂಪಾದಕರ ದನಿಯಲ್ಲಿ ಅಂದು ಬೆಣ್ಣೆ ಇರಲಿಲ್ಲ. ಇಡೀ ಕಚೇರಿಗೆ ಕೇಳುವಂತೆ ಕಿರುಚಿದರು, ಮೇಜು ಗುದ್ದಿದರು, ಹೊರಗೆ ನಡೆ ಎಂದರು. “ಯಾವ ಪದ ಸುಳ್ಳು, ಅದನ್ನು ಹೇಳಿ” ಎಂದು ತಾರೀಖಮ್ಮ ಅವರಿಗಿಂತ ಜೋರಾಗಿ ಕೇಳಿದಳು. ಅವರು ಬಾಗಿಲಿನತ್ತ ಬೆರಳು ತೋರಿಸಿದರು. ಅವಳು ಚೀಲ ಹೆಗಲಿಗೇರಿಸಿ, ಮೇಜಿನ ಮೇಲಿದ್ದ ಪತ್ರಿಕೆಯೊಂದನ್ನು ಎತ್ತಿಕೊಂಡು ಮನೆಗೆ ಬಂದಳು.

ಅಮ್ಮ ತಿದ್ದುಪಡಿಯನ್ನು ಎರಡು ಸಲ ಓದಿದಳು. ಮಗಳ ಬೆನ್ನು ಸವರಲಿಲ್ಲ, ಕೆಲಸದ ಬಗ್ಗೆ ಕೇಳಲೂ ಇಲ್ಲ.

“ಮೆತ್ತಗೆ ಬರೆದಿದೀಯ,” ಎಂದಳು.

ಆಮೇಲೆ ಗೋಡೆ ಹಿಡಿದುಕೊಂಡು ಎದ್ದು, ಚಪ್ಪಲಿ ಮೆಟ್ಟಿ, ಪತ್ರಿಕೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡಳು. ಎಲ್ಲಿಗೆ ಎಂದು ತಾರೀಖಮ್ಮ ಕೇಳುವಷ್ಟರಲ್ಲಿ ಬೀದಿಗಿಳಿದು ಪಕ್ಕದ ಮನೆಯ ಬಾಗಿಲು ಬಡಿಯತೊಡಗಿದ್ದಳು.

“ಬಾಗಿಲು ತೆಗೀರಿ,” ಎಂದು ಅಮ್ಮ ಕೂಗಿದಳು. “ನನ್ನ ಮಗಳನ್ನ ಹೇಗೆ ಕೊಂದ್ರು ಅಂತ ಓದಿ ಹೇಳ್ತೀನಿ.”