ಎದೆಗೆ ಕಟ್ಟುವ ಬಟ್ಟೆ

ನನ್ನ ಗಂಡ ಖಮರ ತೀರಿಹೋಗಿ ಐವತ್ತೆರಡು ದಿನವಾಯಿತು. ಜೇವರ್ಗಿಯ ಬಸ್ ನಿಲ್ದಾಣದ ಹಿಂದೆ ಅವರದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನ ಹಳೇ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಸುತ್ತುವಾಗ ಬಾಯಲ್ಲೇ ಎಣಿಸುತ್ತಿದ್ದರು. ಆಗ ಯಾರಾದರೂ ಮಾತಾಡಿಸಿದರೆ ಸಿಟ್ಟು. ಅವತ್ತು ಬೆಳಿಗ್ಗೆ ಎಣಿಕೆಯ ನಡುವೆಯೇ ಎದೆ ಹಿಡಿದುಕೊಂಡು ಕುಳಿತರಂತೆ. ಆಸ್ಪತ್ರೆ ಮುಟ್ಟಲಿಲ್ಲ. ನಲವತ್ನಾಲ್ಕು ವಯಸ್ಸು.

ನಾನು ಇದ್ದತ್ ಕುಳಿತಿದ್ದೇನೆ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೋಗಬಾರದು. ಹೋಗುವ ಮನಸ್ಸೂ ಇಲ್ಲ. ನಾನು ಓದಿದ್ದು ಐದನೇ ಇಯತ್ತೆ. ಅವರ ಬಗ್ಗೆ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಇದ್ದದ್ದನ್ನು ನಾನು ಬರೆಯುತ್ತೇನೆ.

ಖಮರ ಆಳಂದದಲ್ಲಿ ಹುಟ್ಟಿದರು. ಹುಟ್ಟಿದಾಗ ಮನೆಯವರು ಹೆಣ್ಣು ಎಂದು ಬರೆಸಿದರು. ತಾನು ಹೆಣ್ಣು ಎಂದು ಅವರಿಗೆ ಒಂದು ದಿನವೂ ಅನಿಸಿರಲಿಲ್ಲ. ಖಮರ ಎನ್ನುವ ಹೆಸರು ಗಂಡಿಗೂ ನಡೆಯುತ್ತದೆ, ಹೆಣ್ಣಿಗೂ ನಡೆಯುತ್ತದೆ. ಹಾಗಾಗಿ ಹೆಸರು ಮಾತ್ರ ಬದಲಿಸಬೇಕಾಗಲಿಲ್ಲ.

ಹನ್ನೆರಡು ವಯಸ್ಸಿದ್ದಾಗ ಅವರ ಅಜ್ಜಿ ತೀರಿದಳು. ನಮ್ಮಲ್ಲಿ ಸತ್ತ ಗಂಡಸನ್ನು ಗಂಡಸರು ತೊಳೆಯುತ್ತಾರೆ, ಹೆಂಗಸನ್ನು ಹೆಂಗಸರು. ಹುಡುಗಿ ಎಂದು ಇವರನ್ನು ನೀರು ಕೊಡಲು ಒಳಗೆ ಕಳಿಸಿದರು. ಹೊಕ್ಕುಳಿನಿಂದ ಮೊಣಕಾಲಿನವರೆಗೆ ಬಟ್ಟೆ ಹೊದಿಸಿಯೇ ತೊಳೆದರು. ಆಮೇಲೆ ಕಫನ್ ತೊಡಿಸಿದರು. ಕಫನ್ ಗಂಡಸಿಗೆ ಮೂರು ಬಟ್ಟೆ, ಹೆಂಗಸಿಗೆ ಐದು. ಹೆಚ್ಚಿನ ಎರಡರಲ್ಲಿ ಒಂದು ತಲೆಗೆ ಹಾಕುವ ಓಢನಿ. ಇನ್ನೊಂದು ಸೀನಾಬಂದ್, ಎದೆಗೆ ಕಟ್ಟುವ ಬಟ್ಟೆ. ಅಜ್ಜಿಯ ಎದೆಗೆ ಅದನ್ನು ಕಟ್ಟುವುದನ್ನು ನೋಡಿ ಇವರು ಎರಡು ದಿನ ಊಟ ಬಿಟ್ಟರಂತೆ.

ಇಪ್ಪತ್ತು ತುಂಬುವ ಮೊದಲೇ ಮನೆ ಬಿಟ್ಟು ಜೇವರ್ಗಿಗೆ ಬಂದು ಕೆಲಸ ಕಲಿತರು. ಅಂಗಿ ಪ್ಯಾಂಟಿನಲ್ಲಿ ಬಂದವರನ್ನು ಇಲ್ಲಿ ಗಂಡಸೆಂದೇ ತಿಳಿದರು. ಮುಂದೆ ಕಲಬುರಗಿಯ ಒಬ್ಬ ಡಾಕ್ಟರು ಇಂಜೆಕ್ಷನ್ ಶುರು ಮಾಡಿದರು. ದನಿ ಇಳಿಯಿತು. ಗಡ್ಡ ಬಂತು. ಎದೆ ಮಾತ್ರ ಹಾಗೇ ಉಳಿಯಿತು. ಅಂಗಿಯ ಒಳಗೆ ಅದನ್ನು ದಪ್ಪ ಬಟ್ಟೆಯಿಂದ ಬಿಗಿದು ಕಟ್ಟಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಬಟ್ಟೆಯ ಅಂಚಿಗೆ ಹುಣ್ಣಾಗುತ್ತಿತ್ತು.

ನಾನು ಅಫಜಲಪುರದವಳು. ಸೋದರಮಾವನ ಹಿಟ್ಟಿನ ಗಿರಣಿಯಲ್ಲಿ ಜೋಳ ತೂಗುತ್ತಿದ್ದೆ. ಗಿರಣಿಯ ಮೋಟಾರ್ ಸುಟ್ಟಾಗ ಇವರು ಬಂದರು. ಹದಿನೈದು ದಿನ ಬಿಟ್ಟು ಮತ್ತೆ ಬಂದರು. ಆಗ ಮೋಟಾರ್ ಕೆಟ್ಟಿರಲಿಲ್ಲ. ಮದುವೆಯ ಮಾತು ಬಂದಾಗ ನನಗೆ ಎಲ್ಲವನ್ನೂ ಹೇಳಿದರು.

"ಆಗಲ್ಲ ಅಂದ್ರ ಸುಮ್ಮ ಎದ್ದು ಹೋಗ್ತೇನಿ, ಹಮೀದಾ. ಮೋಟಾರ್ ಸುಟ್ರ ಮಾತ್ರ ಬ್ಯಾರೆ ಮಂದೀನ ಕರೀಬ್ಯಾಡ್ರಿ."

"ಮತ್ತೇನರ ಹೇಳೋದದ ಏನ್ರಿ?" ಎಂದು ಕೇಳಿದೆ.

"ಒಂದದ. ನಾ ಸತ್ರ ನನ್ನ ಎದಿಗಿ ಆ ಬಟ್ಟಿ ಕಟ್ಟಬಾರ್ದು. ಇಷ್ಟ ವರ್ಷ ಕಟ್ಟಿ ಸಾಕಾಗ್ಯಾದ."

"ಕಟ್ಟಗೊಡಲ್ಲ" ಎಂದೆ. ಆಗ ಅದು ಸಣ್ಣ ಮಾತು ಅನಿಸಿತ್ತು. ನಿಕಾಹ್ ಆಯಿತು.

ಎದೆಯ ಆಪರೇಶನ್ ಮಾಡಿಸಬೇಕೆಂದು ಒಂದು ದೊಡ್ಡ ಊರಿನ ಆಸ್ಪತ್ರೆಗೆ ಹೋದೆವು. ಹೆಂಡತಿಯ ಸಹಿ ನಡೆಯುವುದಿಲ್ಲ, ಹುಟ್ಟಿದ ಮನೆಯವರ ಸಹಿ ತನ್ನಿ ಎಂದರು. ಅತ್ತೆ ಮಾವ ತೀರಿದ್ದರು. ಇದ್ದವಳು ಆಳಂದದಲ್ಲಿ ಅವರ ಅಕ್ಕ ಜೀನತ. ಕಾಗದ ಹಿಡಿದು ಹೋದೆವು. ಚಹಾ ಕೊಟ್ಟಳು. ಕಾಗದ ಮುಟ್ಟಲಿಲ್ಲ.

"ಅಲ್ಲಾ ಕೊಟ್ಟ ಮೈ ಕೊಯ್ಯಾಕ ನಾ ಸಹಿ ಮಾಡ್ಲಾ? ನನ್ನ ತಂಗಿ ಆಗಿ ಬಂದಿದ್ರ ಕೂಡು, ಉಂಡು ಹೋಗು."

"ಹಸಿವಿಲ್ಲ ಆಪಾ" ಎಂದರು ಇವರು. ಆಮೇಲೆ ಅಕ್ಕನ ಮನೆಗೆ ಹೋಗಲೇ ಇಲ್ಲ.

ಹೈದರಾಬಾದಿನಲ್ಲಿ ಇವರಂತೆಯೇ ಇದ್ದ ಒಬ್ಬ ಗೆಳೆಯ ಬ್ಯಾಂಕಾಕಿಗೆ ಹೋಗಿ ಮಾಡಿಸಿಕೊಂಡು ಬಂದಿದ್ದ. ಅಲ್ಲಿ ಹೆಂಡತಿಯ ಸಹಿ ನಡೆಯುತ್ತದೆ ಎಂದ. ಅಂಗಡಿಯ ಹಿಂದಿನ ಜಾಗ ಮಾರಿದೆವು. ನಾನು ರೈಲನ್ನೂ ಸರಿಯಾಗಿ ಹತ್ತಿದವಳಲ್ಲ. ಪಕ್ಕದ ಮನೆಯ ರಮಾಬಾಯಿ ಒಂದು ಡಬ್ಬಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಕಿಡ್ನಿ ಹರಳಿನ ಆಪರೇಶನ್ ಎಂದು ಅವಳಿಗೆ ಹೇಳಿದ್ದೆ.

ವಿಮಾನ ನಿಲ್ದಾಣದಲ್ಲಿ ಇವರನ್ನು ಪಕ್ಕಕ್ಕೆ ನಿಲ್ಲಿಸಿದರು. ಪಾಸ್‌ಪೋರ್ಟಿನ ಫೋಟೋದಲ್ಲಿ ಗಡ್ಡ. ಬರಹದಲ್ಲಿ ಹೆಣ್ಣು. ಒಬ್ಬ ಅಧಿಕಾರಿ ಇನ್ನೊಬ್ಬನನ್ನು ಕರೆದ. ಅವನು ಮತ್ತೊಬ್ಬನನ್ನು ಕರೆದ. ಡಾಕ್ಟರ ಚೀಟಿ ಮೂವರೂ ಓದಿದರು. ಮುಕ್ಕಾಲು ತಾಸು ನಿಂತಿದ್ದೆವು.

"ಏನೂ ಇಲ್ಲ ಹಮೀದಾ" ಎಂದರು ಇವರು. "ಮೋಟಾರಿನ ಮ್ಯಾಲ ಬ್ಯಾರೆ ಕಂಪನಿ ಚೀಟಿ ಅಂಟಿಸ್ಯಾರ, ಅಷ್ಟೇ."

ಬ್ಯಾಂಕಾಕಿನ ಆಸ್ಪತ್ರೆಯಲ್ಲಿ ನನ್ನ ಮುಂದೆ ಕಾಗದ ಇಟ್ಟರು. ಹೆಂಡತಿ ಎಂದು ಇದ್ದ ಜಾಗದಲ್ಲಿ ಕನ್ನಡದಲ್ಲಿ ಸಹಿ ಮಾಡಿದೆ. ಯಾರೂ ಏನೂ ಕೇಳಲಿಲ್ಲ. ಆಪರೇಶನ್ ನಾಲ್ಕು ತಾಸು. ಎದೆಯ ಎರಡೂ ಕಡೆ ಕೊಳವೆ ಹಾಕಿದ್ದರು. ಕೈ ಎತ್ತುವಂತಿರಲಿಲ್ಲ. ನರ್ಸಿನ ಮಾತು ನನಗೆ ತಿಳಿಯದು, ನನ್ನದು ಅವಳಿಗೆ ತಿಳಿಯದು. ಕೈ ಹಿಡಿದು ಕಲಿಸಿದಳು. ಮೊದಲು ಬಲಗಡೆ ಒರೆಸು, ಆಮೇಲೆ ಮೆಲ್ಲಗೆ ಹೊರಳಿಸು, ಆಮೇಲೆ ಎಡಗಡೆ. ಹೊಲಿಗೆಯ ಮೇಲೆ ಒತ್ತಬೇಡ. ಹತ್ತು ದಿನ ನಾನೇ ಮೈ ಒರೆಸಿದೆ. ಆಸ್ಪತ್ರೆಯ ಗಂಜಿ ಅವರಿಗೆ ಸೇರಲಿಲ್ಲ.

"ಇದು ಗಂಜಿನೋ, ವಾರ್ನೀಷೋ? ರಮಾಬಾಯಿ ರೊಟ್ಟಿ ಕೊಡು."

ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಉಣಿಸಿದೆ. ಪಟ್ಟಿ ಬಿಚ್ಚಿದ ದಿನ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡರು. ಎದೆ ಸಪಾಟಾಗಿತ್ತು. ಅಡ್ಡಕ್ಕೆ ಎರಡು ಕೆಂಪು ಗೆರೆ.

"ರಿವೈಂಡ್ ಆಯ್ತು ನೋಡು. ಗ್ಯಾರಂಟಿ ಎಷ್ಟು ವರ್ಷ ಅಂತ ಕೇಳು."

ನಗಲು ಹೋಗಿ ನೋವಾಗಿ ಕಣ್ಣಲ್ಲಿ ನೀರು ಬಂತು. ಇನ್ನೊಂದು ಆಪರೇಶನ್ ಇದೆ, ಬೇಕಾದರೆ ಮುಂದೆ ಬನ್ನಿ ಎಂದು ಡಾಕ್ಟರು ಹೇಳಿದರು. ಇವರು ಬೇಡ ಎಂದರು. ನನ್ನ ಕಡೆ ತಿರುಗಿ, "ಕೆಳಗ ಹ್ಯಾಂಗೂ ಬಟ್ಟಿ ಹೊಚ್ಚೇ ತೊಳೀತಾರ. ಎದಿ ಒಂದು ಸಾಕು" ಎಂದರು. ಅಷ್ಟು ದೂರ ಹೋದರೂ ತಲೆಯಲ್ಲಿ ಅದೇ ಇತ್ತು.

ಆ ಬೇಸಿಗೆ ಒಂದೇ ತೆಳ್ಳನೆಯ ಅಂಗಿ ಹಾಕಿಕೊಂಡು ಅಂಗಡಿಗೆ ಹೋದರು. ಮೂರು ಬೇಸಿಗೆ ಹಾಗೆ ಹೋದರು. ಅಷ್ಟೇ ಸಿಕ್ಕಿದ್ದು.

ಸತ್ತ ದಿನ ಮಧ್ಯಾಹ್ನ ಜೀನತ ಆಪಾ ಆಳಂದದಿಂದ ಬಂದಳು. ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ನಮ್ಮ ಕಡೆ ಹೆಣ್ಣುಮಗಳು ಸತ್ತರೆ ಕಫನ್ ತವರಿನಿಂದ ತರುತ್ತಾರೆ. ಆಕೆ ಅಳುತ್ತಲೇ ಬಂದಿದ್ದಳು. ತವರಿನ ಕೆಲಸ ತಪ್ಪಬಾರದು ಎಂದೇ ತಂದಿದ್ದಳು. ಐದು ಬಟ್ಟೆ.

ಊರಲ್ಲಿ ಗಂಡಸರನ್ನು ತೊಳೆಯುವ ಖಾದರಸಾಬ ಚಾಚಾ ಅಂಗಳದಲ್ಲಿ ನೀರು ಕಾಯಿಸಿ ಕಾಯುತ್ತಿದ್ದರು. ಆಪಾ ಎಲ್ಲರ ಎದುರಿಗೇ ಹೇಳಿದಳು: "ನೀವು ಮುಟ್ಟಬ್ಯಾಡ್ರಿ ಚಾಚಾ. ಅಕಿ ನನ್ನ ತಂಗಿ. ಹೆಂಗಸರು ತೊಳೀಬೇಕು."

ಒಬ್ಬ ಹಿಂದೆ ಸರಿದ. ಇನ್ನೊಬ್ಬ, "ಇಷ್ಟ ವರ್ಷ ನಮ್ಮ ಸಾಲಿನ್ಯಾಗ ನಿಂತು ನಮಾಜ್ ಮಾಡ್ಯಾನಲ್ಲೋ" ಎಂದ. ನಾನು ಆಪಾಳ ಗಂಟಿನ ಮೇಲೆ ಕೈ ಇಟ್ಟೆ.

"ಆಪಾ, ಎದಿಗಿ ಆ ಬಟ್ಟಿ ಕಟ್ಟಗೊಡಲ್ಲ ಅಂತ ಮಾತು ಕೊಟ್ಟೇನಿ."

"ಮಾತು ಕೊಡಾಕ ನೀ ಯಾರು ಬೇ?"

ಖಾದರಸಾಬ ಚಾಚಾ ನೆಲ ನೋಡುತ್ತಾ ಕುಳಿತಿದ್ದರು. ಮಸೀದಿಯ ಬೋರಿನ ಮೋಟಾರನ್ನು ಪ್ರತಿ ಸಲ ನನ್ನ ಗಂಡನೇ ಸುತ್ತಿಕೊಟ್ಟದ್ದು. ಚಾಚಾ ತಲೆ ಎತ್ತಿ ನನ್ನನ್ನು ಕೇಳಿದರು.

"ನಿಕಾಹ್ ಆಗ್ಯಾದಲ್ಲವಾ?"

"ಆಗ್ಯಾದ್ರಿ ಚಾಚಾ."

"ಹಂಗಾದ್ರ ಹೆಂಡತಿ ಗಂಡನ್ನ ತೊಳೀಬಹುದು. ಅದಕ್ಕ ಅಡ್ಡಿ ಇಲ್ಲ. ನಾ ಪರದೆ ಹೊರಗ ನಿಂತು ಹೇಳ್ತೇನಿ, ನೀ ಮಾಡು. ನೀರು ಹಾಕಾಕ ಜೀನತ ಬರ್ಲಿ. ಮತ್ಯಾರೂ ಒಳಗ ಹೋಗಬ್ಯಾಡ್ರಿ."

ಚಾಚಾ ಹೊರಗಿನಿಂದ, "ಮೊದಲ ಬಲಗಡಿ" ಎಂದರು.

"ಗೊತ್ತದ ಚಾಚಾ" ಎಂದೆ. ಕೈಗೆ ಗೊತ್ತಿತ್ತು.

ಅಂಗಿ ತೆಗೆದಾಗ ಆಪಾಳ ಕೈಯಲ್ಲಿದ್ದ ಚೊಂಬು ನಿಂತಿತು. ಗೆರೆಗಳು ಬೆಳ್ಳಗಾಗಿದ್ದವು. ಆಕೆ ಅವನ್ನು ಮೊದಲ ಸಲ ನೋಡುತ್ತಿದ್ದಳು.

"ಬಾಳ ನೋವಾಗಿತ್ತೇನ್ ಬೇ?"

"ನಕ್ಕಾಗ ಆಗ್ತಿತ್ತು" ಎಂದೆ.

ಆಕೆ ನೀರು ಹಾಕಿದಳು. ನಾನು ತೊಳೆದೆ. ಬಲ, ಆಮೇಲೆ ಎಡ. ತೊಳೆದು ಮುಗಿದ ಮೇಲೆ ಆಪಾ ಗಂಟು ಬಿಚ್ಚಿದಳು. ಸೀನಾಬಂದ್ ಕೈಯಲ್ಲಿ ಹಿಡಿದು ನಿಂತಳು. ನಾನು ಎದೆ ಒರೆಸುತ್ತಿದ್ದೆ.

"ಇಲ್ಲಿ ಕಟ್ಟಾಕ ಏನದ?" ಎಂದಳು ಆಮೇಲೆ. "ಈ ಗಡ್ಡದ ಮ್ಯಾಲ ಓಢನಿ ಹ್ಯಾಂಗ ಹಾಕ್ಲಿ?"

ಎರಡೂ ಬಟ್ಟೆ ಮಡಚಿ ಪಕ್ಕಕ್ಕಿಟ್ಟಳು. ಉಳಿದ ಮೂರು ಬಟ್ಟೆ ಇಬ್ಬರೂ ಸೇರಿ ತೊಡಿಸಿದೆವು. ಪರದೆ ಸರಿಸಿ ಆಪಾ ಹೊರಗೆ ಹೇಳಿದಳು: "ಆತ್ರಿ ಚಾಚಾ. ನಮ್ಮ ಖಮರನ್ನ ಎತ್ತಾಕ ಗಂಡಸರನ್ನ ಕಳಸ್ರಿ."

ತಂಗಿ ಎನ್ನಲಿಲ್ಲ. ತಮ್ಮ ಎಂದೂ ಅನ್ನಲಿಲ್ಲ.

ಸಂಜೆಯ ಬಸ್ಸಿಗೆ ಹೊರಟಾಗ ಆ ಎರಡು ಬಟ್ಟೆಗಳನ್ನು ಚೀಲಕ್ಕೆ ಹಾಕಿಕೊಂಡಳು. ನಾನು ನೋಡುವುದನ್ನು ನೋಡಿ, "ಇರ್ಲಿ ಬೇ, ನಾ ಹೋದಾಗ ನನಗ ಬೇಕಾಗ್ತಾವ" ಎಂದಳು.

ಬಾಗಿಲವರೆಗೆ ಹೋದೆ. ಅದರಾಚೆ ಹೋಗುವಂತಿರಲಿಲ್ಲ. ಇವತ್ತಿನಿಂದ ಇನ್ನೂ ಎಪ್ಪತ್ತೆಂಟು ದಿನ ಹೋಗುವಂತಿಲ್ಲ.